ಎಣ್ಣೆ ತಾಗದ ಸಾಣೆಕಲ್ಲು

ದಿಮ್ಮಿ ಉರುಳಿ ನಮ್ಮವರ ಬಲಗೈ ಮಣಿಕಟ್ಟಿನ ಮೇಲೆ ಬಂದದ್ದು ಬೇಸಗೆ ಶುರುವಾದ ಹೊತ್ತಿಗೆ. ತಲೆಯ ಮೇಲೆ ಬರಲಿಲ್ಲ, ಅದು ದೇವರ ದಯೆ. ನಾಟಿ ವೈದ್ಯರು ಬಿದಿರಿನ ಸೀಳು ಇಟ್ಟು ಕಟ್ಟಿದರು. ಎಲುಬು ಕೂಡಿಕೊಂಡಿತು. ಆದರೆ ಕಟ್ಟು ಬಿಚ್ಚಿ ನೋಡಿದರೆ ಆ ಕೈಯಲ್ಲಿ ಅರ ಹಿಡಿದು ಒತ್ತುವ ಬಲವೇ ಉಳಿದಿರಲಿಲ್ಲ. ಅನ್ನದ ತುತ್ತು ಬಾಯಿಗೆ ಮುಟ್ಟುತ್ತಿತ್ತು. ಅದನ್ನೂ ನಾನು ದಯೆಯ ಲೆಕ್ಕಕ್ಕೇ ಹಾಕಿಕೊಂಡೆ.

ಗರಗಸಕ್ಕೆ ಅರ ಹಾಕಿ ಹಲ್ಲು ಹರಿತ ಮಾಡುವುದು ಅವರ ಕಸುಬು. ಚಾರ್ಮಾಡಿಯ ಕೆಳಗೆ ಧಣಿಗಳ ಮರದ ಡಿಪೋ ಇತ್ತು. ಡಿಪೋದ ಮೂಲೆಯಲ್ಲಿ ಹಂಚಿನ ಮಾಡಿನ ಒಂದು ಬಿಡಾರ, ಮುಂದೆ ಒಂದು ಚಾವಡಿ. ಅರ ಹಾಕುವವನಿಗೆ ಅಂತ ಕೊಟ್ಟದ್ದು ಅದು. ಇವರು, ನಾನು, ಅತ್ತೆ, ಮೂವರೂ ಅಲ್ಲೇ ಇದ್ದೆವು. ಕೆಲಸ ಹೋದರೆ ಬಿಡಾರವೂ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆ ವರ್ಷ ಧಣಿಗಳು ಮಿಶಿನ್ ಗರಗಸ ತರಿಸಿದ್ದರು. ಅರವತ್ತರ ದಶಕದಲ್ಲಿ ಅದು ನಮ್ಮ ಕಡೆ ತೀರಾ ಹೊಸತು. ಸೈಕಲ್ ಚೈನಿನ ಹಾಗೆ ಒಂದು ಚೈನು, ಅದರ ಮೈತುಂಬ ಹಲ್ಲು. ಒಂದು ಹಲ್ಲು ಎಡಕ್ಕೆ ಮುಖ ಮಾಡಿದರೆ ಮುಂದಿನದು ಬಲಕ್ಕೆ. ಎಲ್ಲವೂ ಒಂದೇ ಉದ್ದ, ಒಂದೇ ಓರೆ ಇರಬೇಕು. ಒಂದು ಬದಿ ಗಿಡ್ಡವಾದರೆ ಗರಗಸ ನೆಟ್ಟಗೆ ಇಳಿಯದೆ ಬದಿಗೆ ಎಳೆಯುತ್ತದೆ. ನಮ್ಮವರು ಎಡಗೈಯಲ್ಲಿ ಅರ ಹಿಡಿದು ನೋಡಿದರು. ಆ ಚೈನು ಕಾಡಿಗೆ ಹೋಗಿ ಮರವನ್ನು ಬಾಳೆಕಾಯಿಯ ಹಾಗೆ ಬಾಗಿಸಿ ಕೊಯ್ದು ಬಂತು. ನಾನು ಮಾಡಲಾ ಎಂದು ಕೇಳಿದೆ. ಅತ್ತೆ ಬಿಡಲಿಲ್ಲ.

"ಆಚಾರಿ ಮನೆಯ ಅರಕ್ಕೆ ಹೆಂಗಸಿನ ಕೈ ಇವತ್ತಿನವರೆಗೆ ಸೇರಲಿಲ್ಲ ಮಗಾ. ಈಗ ಗ್ರಹಚಾರ ಕೆಟ್ಟಿರುವಾಗ ಅದೊಂದು ಸಹ ಬೇಡ."

ಡಿಪೋದ ಲೆಕ್ಕ ನೋಡುವ ರೈಟರು ಒಂದು ಬೆಳಿಗ್ಗೆ ಚಾವಡಿಗೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಆಚಾರ್ರೇ, ಮಳೆ ಹಿಡಿಯುವ ಮೊದಲು ಮೇಲಿನ ಮರ ಎಲ್ಲ ಕೆಳಗೆ ಬರಬೇಕು. ಆಮೇಲೆ ಕಾಡಿನ ದಾರಿಯಲ್ಲಿ ಲಾರಿ ಹೋಗ್ಲಿಕ್ಕಿಲ್ಲ. ನಿಮ್ಮ ಕೈ ಹೀಗಾಯ್ತು, ಬೇಜಾರು ಉಂಟು. ಆದರೆ ಧಣಿಗಳು ಮಂಗಳೂರಿನಲ್ಲಿ ಒಬ್ಬನನ್ನು ಮಾತಾಡಿ ಇಟ್ಟಿದ್ದಾರೆ. ಅವನಿಗೆ ಸಂಸಾರ ಉಂಟು. ಬಿಡಾರ ಬೇಕಾಗ್ತದೆ."

ನಾನೇ ಬಾಗಿಲ ಹಿಂದಿನಿಂದ ಕೇಳಿದೆ: "ಸಾಣೆ ಹಿಡಿಯುವ ಮಿಶಿನ್ ಇದ್ದರೆ ಆಗುವುದಿಲ್ವಾ? ಒತ್ತಲಿಕ್ಕೆ ಕೈ ಬೇಡವಲ್ಲ."

ರೈಟರು ತುಸು ಯೋಚಿಸಿದರು. "ಧಣಿಗಳನ್ನು ಕೇಳಿ ನೋಡ್ತೇನೆ. ಒಂದು ತಂದು ಕೊಟ್ಟರೂ ಅದೇ ಕೊನೆ ನೋಡಿ" ಎಂದರು.

ಧಣಿಗಳು ಒಪ್ಪಿದರು. ಮಿಶಿನಿನ ಹಿಡಿ ತಿರುಗಿಸಲು ಹೆಂಗಸು ಇರಬಹುದೇ ಎಂದು ಅತ್ತೆಯ ಮುಂದೆ ಮತ್ತೆ ಪ್ರಶ್ನೆ ಹೋಯಿತು. ಅವರು ಎಲೆ ಅಡಿಕೆ ಜಗಿದು ಮುಗಿಸಿ ತೀರ್ಪು ಕೊಟ್ಟರು: "ತಿರುಗಿಸುವುದು ಅಂದರೆ ಬೀಸುವ ಕಲ್ಲಿನ ಹಾಗೆಯೇ ಅಲ್ವಾ? ಅದಕ್ಕೆ ಅಡ್ಡಿ ಇಲ್ಲ. ಹಲ್ಲನ್ನು ಮುಟ್ಟಬೇಡ."

ಮಿಶಿನ್ ನೋಡಲು ಬಂಟ್ವಾಳ ಪೇಟೆಗೆ ಮೂವರು ಹೋದೆವು. ರೈಟರು, ಕೈಯನ್ನು ಎದೆಗೆ ಒತ್ತಿಕೊಂಡ ನಮ್ಮವರು, ನಾನು. ಬಸ್ಸಿನಲ್ಲಿ ನನಗೆ ಕೂರಲು ಜಾಗ ಸಿಕ್ಕಿತು. ಕಬ್ಬಿಣದ ಸಾಮಾನಿನ ಅಂಗಡಿಯವರು ವಯಸ್ಸಾದವರು, ಕೊಂಕಣಿಗರು. ಎರಡು ಮಿಶಿನ್ ತೋರಿಸಿದರು. ಒಂದು ದೊಡ್ಡದು, ಎರಡೂ ಬದಿಗೆ ಇಡ್ಲಿಯಷ್ಟು ದಪ್ಪದ ಒಂದೊಂದು ಸಾಣೆಕಲ್ಲು. ಇನ್ನೊಂದು ಸಣ್ಣದು, ಪೆಟ್ಟಿಗೆಯೊಳಗೆ ಧೂಳು ಹಿಡಿದು ಕೂತಿತ್ತು. ಘಟ್ಟದ ಮೇಲಿನ ಒಂದು ತೋಟದವರು ತರಿಸಿ, ಆಮೇಲೆ ಬೇಡವೆಂದು ಬಿಟ್ಟದ್ದಂತೆ. ಅದಕ್ಕೆ ಹಪ್ಪಳದ ಹಾಗೆ ತೆಳ್ಳಗಿನ ಕಲ್ಲು. ಕೆಳಗೆ ಚೈನನ್ನು ಹಿಡಿಯುವ ಒಂದು ಕಚ್ಚು, ಆ ಕಚ್ಚನ್ನು ಎಡಕ್ಕೆ ಬಲಕ್ಕೆ ಓರೆ ಮಾಡಲು ಗೆರೆಗಳು. ಎರಡಕ್ಕೂ ಕೈಯಿಂದ ತಿರುಗಿಸುವ ಹಿಡಿ ಇತ್ತು. ಡಿಪೋಕ್ಕೆ ಕರೆಂಟು ಬಂದಿರಲಿಲ್ಲವಾದ್ದರಿಂದ ಮೋಟಾರಿನದ್ದನ್ನು ನಾವು ಕೇಳಲೇ ಇಲ್ಲ.

ನಾನು ತೆಳ್ಳಗಿನ ಕಲ್ಲನ್ನು ಬೆರಳಿಗೆ ಸಿಕ್ಕಿಸಿ, ಬಳೆಯ ಅಂಚಿನಿಂದ ಮೆಲ್ಲ ತಟ್ಟಿದೆ. ಠಣ್ ಎಂದಿತು. ಪುತ್ತಿಗೆಯ ನನ್ನ ತವರಿನಲ್ಲಿ ಅಮ್ಮ ಮೂಡುಬಿದಿರೆ ಸಂತೆಯಿಂದ ಮಡಕೆ ತರುವಾಗ ಹಾಗೆ ತಟ್ಟದೆ ಒಂದನ್ನೂ ತಂದವಳಲ್ಲ. ಅಭ್ಯಾಸಬಲದಿಂದ ತಟ್ಟಿದ್ದು.

ಅಂಗಡಿಯವರು ನಕ್ಕರು. "ಹಾಗೇ ನೋಡಬೇಕು ಅಕ್ಕ. ಒಡಕಿದ್ದರೆ ತಿರುಗುವಾಗ ಸಿಡಿದು ಮುಖಕ್ಕೆ ಬರ್ತದೆ. ನಾವೂ ಕೊಡುವ ಮೊದಲು ತಟ್ಟಿಯೇ ಕೊಡುವುದು."

ರೈಟರಿಗೆ ದೊಡ್ಡದು ಮನಸ್ಸಿಗೆ ಬಂದಿತ್ತು. "ಧಣಿಗಳ ಡಿಪೋಕ್ಕೆ ಈ ಆಟದ ಸಾಮಾನು ತಕೊಂಡು ಹೋಗುವುದಾ ಮಾರಾಯ್ರೆ? ದೊಡ್ಡದು ಕಟ್ಟಿ."

"ಅದು ಕತ್ತಿ, ಕೊಡಲಿಗೆ ಆಗುವಂಥದ್ದು" ಎಂದರು ಅಂಗಡಿಯವರು.

"ಕೊಡಲಿಗೆ ಆದದ್ದು ಈ ಸಣ್ಣ ಹಲ್ಲಿಗೆ ಆಗದಾ?"

ನಮ್ಮವರು ನನ್ನ ಮುಖ ನೋಡಿದರು. ಕಸುಬು ಬಿಟ್ಟ ಕೈಯವರಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಅವರಿಗೂ ಖಚಿತವಿರಲಿಲ್ಲ. ಅರದ ಕೆಲಸ ಗೊತ್ತಿತ್ತೇ ಹೊರತು ಕಲ್ಲಿನ ಕೆಲಸ ಗೊತ್ತಿರಲಿಲ್ಲ. ದೊಡ್ಡದೇ ಬಂತು.

ಚಾವಡಿಯ ಮೇಜಿಗೆ ಅದನ್ನು ಬಿಗಿದೆವು. ನಾನು ತಿರುಗಿಸಿದೆ, ಅವರು ಎಡಗೈಯಲ್ಲಿ ಚೈನು ಹಿಡಿದರು. ಕಿಡಿ ದೀಪಾವಳಿಯ ಹಾಗೆ ಹಾರಿತು. ನೋಡಲು ಚಂದವಿತ್ತು. ಆದರೆ ದಪ್ಪ ಕಲ್ಲು ಎರಡು ಹಲ್ಲುಗಳ ನಡುವಿನ ಸಂದಿಗೆ ಇಳಿಯಲೇ ಇಲ್ಲ. ಹಲ್ಲಿನ ಬೆನ್ನನ್ನೂ ತಿಂದಿತು, ತುದಿಯನ್ನೂ ತಿಂದಿತು. ತುದಿಗಳೆಲ್ಲ ನೇರಳೆ ಹಣ್ಣು ತಿಂದ ನಾಲಗೆಯ ಹಾಗೆ ನೀಲಿಯಾದವು. ನಮ್ಮವರ ಮುಖ ಅಲ್ಲೇ ಬಾಡಿತು. ಉಕ್ಕು ನೀಲಿಯಾದರೆ ಕಾವು ಹೆಚ್ಚಾಗಿ ಅದರ ಗಟ್ಟಿತನ ಹೋಯಿತು ಎಂದು ಯಾವ ಆಚಾರಿಗೂ ಗೊತ್ತು.

ಆದರೂ ಒಂದು ಆಸೆಯಿಂದ ಮೇಲಕ್ಕೆ ಕಳುಹಿಸಿದೆವು. ಸಂಜೆಗೆ ಗರಗಸ ನಡೆಸುವ ಮಲಯಾಳಿ ಮಿಶಿನಿನವನು ತಾನೇ ಇಳಿದು ಬಂದ. ಚೈನನ್ನು ಮೆಟ್ಟಿಲ ಮೇಲೆ ಇಟ್ಟು ಹೇಳಿದ: "ಚೇಚಿ, ಇದರಲ್ಲಿ ಬೆಣ್ಣೆ ಸಹ ಕೊಯ್ಯಲಿಕ್ಕಿಲ್ಲ. ಬರೀ ಹುಡಿ ಬರ್ತದೆ, ಹೊಗೆ ಬರ್ತದೆ." ಸಿಟ್ಟಿನಲ್ಲಿ ಬಂದವನು, ಇವರ ಕೈ ನೋಡಿ ಮಜ್ಜಿಗೆ ಕುಡಿದು ಹೋದ. ಹರಿತದ ಚೈನು ಕೊಯ್ದರೆ ಚಕ್ಕೆ ಬೀಳುತ್ತದೆ, ಮೊಂಡು ಚೈನು ಕೊಯ್ದರೆ ಹುಡಿ ಬೀಳುತ್ತದೆ ಎಂದು ನನಗೆ ಗೊತ್ತಾದದ್ದು ಅವನಿಂದಲೇ.

ಧಣಿಗಳ ಹತ್ತಿರ ಇದ್ದದ್ದು ಮೂರು ಚೈನು. ಒಂದು ಮುಗಿಯಿತು.

ಆ ವಾರ ರೈಟರಿಗೆ ಜ್ವರ. ಪಾಪ, ಬರಬಾರದಿತ್ತು, ಆದರೆ ನಮಗೆ ಅದರಿಂದಲೇ ದಾರಿಯಾಯಿತು. ದಿಮ್ಮಿ ತುಂಬಿದ ಲಾರಿ ಬಂಟ್ವಾಳಕ್ಕೆ ಇಳಿಯುವಾಗ ಡ್ರೈವರಣ್ಣನ ಹತ್ತಿರ ಕೇಳಿಕೊಂಡು ನಾವಿಬ್ಬರೂ ದೊಡ್ಡ ಮಿಶಿನನ್ನು ಕಾಲ ಬುಡದಲ್ಲಿಟ್ಟುಕೊಂಡು ಮುಂದೆ ಕೂತೆವು. ದಾರಿಯುದ್ದಕ್ಕೂ ಇವರು ಒಂದೇ ಒಂದು ಮಾತಾಡಿದರು.

"ವಾಪಸು ತಕೊಳ್ಳದಿದ್ದರೆ?"

"ಸ್ವಾಮಿ ಮಂಜುನಾಥ ಇದ್ದಾನೆ" ಎಂದೆ. ಬೇರೆ ಏನು ಹೇಳುವುದೆಂದು ನನಗೆ ತಿಳಿದಿರಲಿಲ್ಲ.

ಅಂಗಡಿಯವರು ಕಲ್ಲನ್ನು ತಿರುಗಿಸಿ ನೋಡಿದರು. "ಕಿಡಿ ಕಂಡ ಕಲ್ಲು ಇದು. ಇನ್ನೊಬ್ಬರಿಗೆ ಹೊಸತು ಅಂತ ಹೇಗೆ ಕೊಡುವುದು ಅಕ್ಕ?"

"ಹೊಸತು ಅಂತ ಕೊಡಬೇಡಿ. ಕೊಡಲಿಗೆ ಅಂತ ಕೊಡಿ. ನೀವು ಅವತ್ತೇ ಹೇಳಿದಿರಿ, ನಾವು ಕೇಳಲಿಲ್ಲ" ಎಂದೆ. ಅಷ್ಟರಲ್ಲಿ ಸುಮ್ಮನೆ ಅಳು ಬಂತು. ಅಂಗಡಿ ತುಂಬ ಜನ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಹೋಗಿ ಸಣ್ಣ ಮಿಶಿನಿನ ಪೆಟ್ಟಿಗೆಯನ್ನು ತಾವೇ ಧೂಳು ಹೊಡೆದು ತಂದರು. "ಅಳಬೇಡ ಮಾರಾಯ್ತಿ, ಅಂಗಡಿಗೆ ಒಳ್ಳೆಯದಲ್ಲ. ಇದರಲ್ಲಿ ಎರಡು ಕಲ್ಲು ಉಂಟು. ಇಂಥ ತೆಳ್ಳಗಿನದ್ದು ಮುಗಿದರೆ ಮತ್ತೆ ಬೊಂಬಾಯಿಯಿಂದಲೇ ಬರಬೇಕು, ಜಾಗ್ರತೆ. ಕಲ್ಲಿನ ಎರಡು ಬದಿಗೆ ಕಾಗದದ ಬಿಲ್ಲೆ ಇಟ್ಟು ಬಿಗಿಯಿರಿ, ಇಲ್ಲದಿದ್ದರೆ ಸೀಳು ಬಿಡ್ತದೆ. ಹಲ್ಲಿಗೆ ಒತ್ತಬೇಡಿ. ಮುಟ್ಟಿಸಿ, ತೆಗೆಯಿರಿ. ಅಷ್ಟೇ."

ಇಷ್ಟೆಲ್ಲ ಆಗಿ ಮನೆಗೆ ಬಂದ ಮಿಶಿನನ್ನು ಹಾಗೇ ಮೇಜಿಗೆ ಏರಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಮೊದಲನೆಯದನ್ನು ರೈಟರ ಅವಸರದಲ್ಲಿ ಪೂಜೆಯಿಲ್ಲದೆ ತಿರುಗಿಸಿದ್ದಕ್ಕೇ ಹಾಗಾಯಿತು ಎಂದು ಅವರ ಎಣಿಕೆ. ನನಗೂ ಅದು ಸರಿಯೆಂದೇ ಕಂಡಿತು. ಹೊಸ ಅರೆಯುವ ಕಲ್ಲು ಮನೆಗೆ ಬಂದರೆ ತೊಳೆದು ಎಣ್ಣೆ ಹಚ್ಚಿ ಕುಂಕುಮ ಇಡದೆ ನಾವು ಯಾರಾದರೂ ಬಳಸುತ್ತೇವೆಯೇ? ಅತ್ತೆ ಒಂದು ಕಲ್ಲನ್ನು ಚೆಂಬಿನ ನೀರಿನಲ್ಲಿ ತೊಳೆದರು. ಅಂಗೈ ತುಂಬ ತೆಂಗಿನೆಣ್ಣೆ ಹಾಕಿ ಮಗುವಿಗೆ ಸವರುವ ಹಾಗೆ ಸುತ್ತಲೂ ಸವರಿದರು. ಕುಂಕುಮ ಇಟ್ಟು, ಕೇಪಳ ಹೂ ಇಟ್ಟು ದೇವರ ಮೂಲೆಯಲ್ಲಿ ಗೋಡೆಗೆ ಒರಗಿಸಿ ಬೆಳಗಿನವರೆಗೆ ಬಿಟ್ಟರು. ಎರಡನೆಯ ಕಲ್ಲನ್ನೂ ಕೊಡು ಎಂದಿದ್ದರು. ಅಷ್ಟರಲ್ಲಿ ಗಂಜಿ ಉಕ್ಕಿತು, ನಾನು ಒಳಗೆ ಓಡಿದೆ. ಆ ಕಲ್ಲು ಪೆಟ್ಟಿಗೆಯಲ್ಲೇ ಉಳಿಯಿತು.

ಬೆಳಿಗ್ಗೆ ಬಿಗಿದು ತಿರುಗಿಸಿದರೆ ಮೇಜೇ ನಡುಗಿತು. ಕಲ್ಲು ಸಮನಾಗಿ ಸುತ್ತದೆ ಒಂದು ಬದಿಗೆ ಭಾರ ಇದ್ದಂತೆ ಕುಲುಕಿತು. ಕಚ್ಚು ಸರಿಯಾಗಿತ್ತು, ಓರೆಯೂ ಸರಿಯಾಗಿತ್ತು. ಆದರೂ ಕಲ್ಲು ಹಲ್ಲನ್ನು ತಿನ್ನದೆ ಬರೀ ಜಾರಿತು. ಚಾವಡಿಯಲ್ಲಿ ಒಗ್ಗರಣೆ ಸೀದ ವಾಸನೆ. ನಮ್ಮವರು ಇನ್ನಷ್ಟು ತಾಗಿಸಿದರು. ಅವರ ಎಡಗೈಗೂ ನಡುಕ. ಎರಡನೆಯ ಚೈನಿನ ಹಲ್ಲುಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ನೀಲಿಯಾದವು.

ಅವರು ಕಲ್ಲು ನಿಲ್ಲುವ ಮೊದಲೇ ಎದ್ದರು. "ಸಾಕು. ಪುತ್ತಿಗೆಗೆ ಹೋಗುವ, ನಿನ್ನ ಅಣ್ಣನಲ್ಲಿಗೆ. ಕೊಟ್ಟಿಗೆಯ ಬದಿಯಲ್ಲಿ ಒಂದು ಕೋಣೆ ಕೊಡಲಿಕ್ಕಿಲ್ವಾ?" ಎಂದರು. ಮದುವೆಯಾದ ಮೇಲೆ ಒಂದು ದಿನವೂ ಹೆಂಡತಿಯ ತವರಿನಲ್ಲಿ ಹೆಚ್ಚಿಗೆ ಉಳಿಯದ ಮನುಷ್ಯ. ಅಷ್ಟು ಹೇಳಿ ಅಂಗಳದಲ್ಲಿ ದಿಮ್ಮಿಗಳ ಕಡೆ ಬೆನ್ನು ಹಾಕಿ ಕೂತರು.

ನಾನು ದೇವರ ಮೂಲೆಗೆ ಹೋದೆ. ಇಷ್ಟು ದಿನ ಸಿಕ್ಕಿದ ಸಣ್ಣ ಸಣ್ಣ ದಯೆಗಳನ್ನೆಲ್ಲ ಎಣಿಸಿಕೊಂಡು ಬಂದವಳಿಗೆ ಅವತ್ತು ಒಂದೂ ನೆನಪಾಗಲಿಲ್ಲ. ಪೂಜೆ ಮಾಡಿದ ಮೇಲೂ ಹೀಗಾದರೆ ಇನ್ನು ಯಾರ ಹತ್ತಿರ ಹೋಗುವುದು? ದೂರದ ಘಟ್ಟದ ಮೇಲೆ ಆಗಲೇ ಗುಡುಗು ಶುರುವಾಗಿತ್ತು.

ಎದ್ದು ಬಂದು ಮೇಜು ಒರೆಸುವಾಗ ಕಲ್ಲನ್ನು ಬಿಚ್ಚಿದೆ. ಬೆರಳಿಗೆ ಸಿಕ್ಕಿಸಿ ತಟ್ಟಿದೆ. ತಟ್ ಎಂದಿತು, ಮರದ ಸೌಟಿನ ಹಾಗೆ. ಒಡೆಯಿತೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಗೀರು ಎಲ್ಲೂ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ ಇನ್ನೊಂದನ್ನು ತೆಗೆದು ತಟ್ಟಿದೆ. ಠಣ್. ಅಂಗಡಿಯಲ್ಲಿ ಕೇಳಿದ್ದೇ ದನಿ.

ಹೊಸ ಮಡಕೆಗೂ ನೀರು ಕುಡಿದ ಮಡಕೆಗೂ ದನಿ ಹೀಗೆಯೇ ಬೇರೆ ಇರುತ್ತದೆ. ಮೊದಲನೆಯ ಕಲ್ಲನ್ನು ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆ. ಗೋಡೆಗೆ ಒರಗಿ ನಿಂತಾಗ ಕೆಳಗಾಗಿದ್ದ ಬದಿ ಕಪ್ಪಗೆ ತೇವವಾಗಿತ್ತು. ಎಣ್ಣೆಯೆಲ್ಲ ಇಳಿದು ಅಲ್ಲಿ ಕೂತಿತ್ತು. ಭಾರ ಒಂದು ಬದಿಗೆ ಬಂದದ್ದು ಅದರಿಂದ. ಕಲ್ಲಿನ ತರಿಯ ಸಂದಿಯೆಲ್ಲ ಎಣ್ಣೆಯಿಂದ ತುಂಬಿ ಅದು ಉಕ್ಕನ್ನು ತಿನ್ನದೆ ಬರೀ ಉಜ್ಜಿ ಬಿಸಿ ಮಾಡಿದ್ದೂ ಅದರಿಂದ.

ಇವರನ್ನು ಕರೆದೆ. ಎರಡನ್ನೂ ತಟ್ಟಿ ತೋರಿಸಿದೆ. ಕೇಳಿ, ಮೂಸಿ ನೋಡಿ ಅವರು ತಿರುಗಿ ಅಮ್ಮನನ್ನು ನೋಡಿದರು.

ಅತ್ತೆ ಎಣ್ಣೆಯ ಗಿಂಡಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಹಾಗಾದರೆ ಇದಕ್ಕೆ ಏನೂ ಮಾಡುವುದು ಬೇಡವಾ? ಬರೀ ಕಲ್ಲನ್ನು ತಿರುಗಿಸಿ ಅದು ಸಿಡಿದು ಇವನ ಕಣ್ಣಿಗೆ ಬಂದರೆ? ಒಂದು ಕೈ ಹೋದದ್ದು ಸಾಲದಾ?"

ಆ ಹೆದರಿಕೆ ನನಗಿರಲಿಲ್ಲ ಎನ್ನಲಾರೆ. ಉಳಿದದ್ದು ಒಂದು ಕಲ್ಲು, ಒಂದು ಚೈನು. ಇದೂ ಹಾಳಾದರೆ ರೈಟರು ಬರುವ ಮೊದಲೇ ನಾವು ಗಂಟು ಕಟ್ಟಬೇಕು. ಆದರೂ ಹೇಳಿದೆ: "ಅತ್ತೆ, ಎಣ್ಣೆಯನ್ನು ದೀಪಕ್ಕೆ ಹಾಕುವ. ಕಲ್ಲಿಗೆ ಕೈ ಮುಗಿಯುವ. ದೇವರಿಗೆ ಅರ್ಥ ಆಗ್ತದೆ."

ಮತ್ತೊಂದು ಮಾತೂ ಹೇಳಿಬಿಟ್ಟೆ. ತಿರುಗಿಸುವ ಕೆಲಸಕ್ಕೆ ಇವರ ಎಡಗೈ ಸಾಕು. ಮುಟ್ಟಿಸುವ ಕೆಲಸಕ್ಕೆ ನಡುಗದ ಕೈ ಬೇಕು. ಅದನ್ನು ನಾನು ಮಾಡುತ್ತೇನೆ ಎಂದೆ.

ಅತ್ತೆ ಚಾವಡಿಯ ಗೋಡೆಯ ಕಡೆ ನೋಡಿದರು. ಅವರ ಗಂಡ, ಮಾವ, ಎಲ್ಲರೂ ಹಿಡಿದ ಅರಗಳು ಅದೇ ಗೋಡೆಯಲ್ಲಿ ತೂಗುತ್ತಿದ್ದವು. ಕಡೆಗೆ ಮೊಳೆಯಲ್ಲಿದ್ದ ಚೈನನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು. "ಮಡಕೆಯ ದನಿ ಗೊತ್ತಾದವಳಿಗೆ ಹಲ್ಲಿನ ದನಿ ಗೊತ್ತಾಗ್ಲಿಕ್ಕಿಲ್ವಾ? ಮಾಡು. ನಾನು ಆಚೆ ನೋಡ್ತೇನೆ."

ಚೈನಿನಲ್ಲೂ ಎಣ್ಣೆ ಇರುತ್ತದೆ, ಮರದ ಅಂಟೂ ಇರುತ್ತದೆ. ಮೊದಲು ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ, ಹಳೆಯ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಇವರು ಹಲ್ಲುಗಳನ್ನೆಲ್ಲ ಬೆರಳಿನಿಂದ ಸವರಿ ಎಲ್ಲಕ್ಕಿಂತ ಸವೆದದ್ದನ್ನು ಹುಡುಕಿದರು. ಅದರ ಅಳತೆಗೆ ಕಚ್ಚನ್ನು ನಿಲ್ಲಿಸಿದೆವು. ಉಳಿದವೆಲ್ಲ ಅದರ ಸಮಕ್ಕೆ ಬರಬೇಕು. ಎಡಮುಖದ ಹಲ್ಲುಗಳನ್ನೆಲ್ಲ ಮುಗಿಸಿ, ಕಚ್ಚನ್ನು ತಿರುಗಿಸಿ, ಆಮೇಲೆ ಬಲಮುಖದವು.

ಎಷ್ಟು ಹೊತ್ತು ಮುಟ್ಟಿಸುವುದು? ಗಡಿಯಾರ ನಮ್ಮಲ್ಲಿರಲಿಲ್ಲ. ಇದ್ದರೂ ಅಷ್ಟು ಸಣ್ಣ ಹೊತ್ತಿಗೆ ಅದರಿಂದ ಉಪಯೋಗವಿಲ್ಲ. ನಾನು ಮನಸ್ಸಿನಲ್ಲಿ ಒಂದು ಸಲ "ಮಂಜುನಾಥ" ಎಂದುಕೊಂಡೆ. ಹೆಸರು ಶುರುವಾಗುವಾಗ ಕಲ್ಲು ತಾಗಬೇಕು, ಮುಗಿಯುವಾಗ ಬಿಡಬೇಕು. ಒಂದು ಹಲ್ಲಿಗೆ ಒಂದು ಹೆಸರು. ಚೈನು ಪೂರ್ತಿ ಸುತ್ತಿ ಬರುವಷ್ಟರಲ್ಲಿ ಮೊದಲಿನ ಹಲ್ಲು ತಣ್ಣಗಾಗಿರುತ್ತಿತ್ತು. ಬೆರಳಿಟ್ಟು ನೋಡಿ ಮತ್ತೆ ಒಂದು ಸುತ್ತು.

ಇವರು ಎಡಗೈಯಲ್ಲಿ ತಿರುಗಿಸುತ್ತಾ ಕಣ್ಣು ಮುಚ್ಚಿ ಕಿವಿಯಿಂದಲೇ ನೋಡುತ್ತಿದ್ದರು.

"ಸ್ವಲ್ಪ ಹೆಚ್ಚಾಯ್ತು."

"ಈಗ?"

"ಹಾಂ. ಹಾಗೆಯೇ ಹೋಗಲಿ. ನಿನ್ನ ದೇವರ ಹೆಸರು ಉದ್ದ ಆಯ್ತು ಮಾರಾಯ್ತಿ, ಶಿವ ಅಂದರೆ ಸಾಕು."

ಕೈ ಮುರಿದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು. ನನ್ನ ಕೈ ಅಲ್ಲಾಡೀತು ಎಂದು ನಗಲೂ ಆಗಲಿಲ್ಲ.

ಹಲ್ಲಿನ ಮುಂದಿರುವ ಸಣ್ಣ ಗುಬುಟನ್ನು ತುಸು ತಗ್ಗಿಸದಿದ್ದರೆ ಹಲ್ಲು ಮರಕ್ಕೆ ಕಚ್ಚುವುದಿಲ್ಲ. ಅದನ್ನು ಇವರು ಚಪ್ಪಟೆ ಅರದಿಂದ ಎಡಗೈಯಲ್ಲೇ ತಗ್ಗಿಸಿದರು. ಅಲ್ಲಿ ಅಷ್ಟು ನಾಜೂಕು ಬೇಕಿರಲಿಲ್ಲ. ಎಲ್ಲ ಮುಗಿದಾಗ ಹಲ್ಲಿನ ತುದಿಗಳು ಬೆಳ್ಳಗೆ ಇದ್ದವು. ನೀಲಿ ಒಂದೂ ಇರಲಿಲ್ಲ. ಇನ್ನು ಚೈನನ್ನು ಎಣ್ಣೆಯಲ್ಲಿ ಮುಳುಗಿಸಿ ಇಡಬೇಕು, ಇಲ್ಲದಿದ್ದರೆ ತಿರುಗುವಾಗ ಕಾವು ಹಿಡಿಯುತ್ತದೆ.

"ಅತ್ತೆ, ಎಣ್ಣೆ ಹಾಕುವ ಹೊತ್ತು ಈಗ ಬಂತು" ಎಂದು ಕರೆದೆ.

ಆಚೆ ನೋಡಿ ಕೂತಿದ್ದವರು ತಟಕ್ಕನೆ ಎದ್ದು ಬಂದರು. ಮಿಶಿನಿನವನು ಕೊಟ್ಟಿದ್ದ ಕಪ್ಪು ಎಣ್ಣೆಯನ್ನು ಬಟ್ಟಲಿಗೆ ಸುರಿದರು. ಅದಕ್ಕೆ ಮನಸ್ಸು ತುಂಬದೆ ಮೇಲಿಂದ ಒಂದು ತೊಟ್ಟು ತೆಂಗಿನೆಣ್ಣೆಯನ್ನೂ ಬಿಟ್ಟು, ಎರಡೂ ಕೈ ಮುಗಿದರು.

ಚೈನು ಕಾಡಿಗೆ ಹೋದ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ. ಸಂಜೆ ಲಾರಿ ಇಳಿಯಿತು. ಡ್ರೈವರಣ್ಣ ತೇಗದ ಎಲೆಯ ಒಂದು ಪೊಟ್ಟಣ ಚಾಚಿದ. "ಮಿಶಿನಿನವನು ಕೊಟ್ಟದ್ದು. ಆಚಾರ್ರ ಕೈಯಲ್ಲೇ ಕೊಡಬೇಕಂತೆ."

ಅತ್ತೆ ಯಾವುದೋ ದೇವಸ್ಥಾನದ ಪ್ರಸಾದವೆಂದು ಕೈ ತೊಳೆದು ಬಂದರು. ಎಲೆ ಬಿಚ್ಚಿದರೆ ಒಳಗೆ ಒಂದು ಹಿಡಿ ಮರದ ಚಕ್ಕೆ, ಹಲಸಿನ ತೊಳೆಯ ಬಣ್ಣದ್ದು, ಇನ್ನೂ ಹಸಿ ವಾಸನೆ. ನಮ್ಮವರು ಒಂದನ್ನು ಬಲಗೈಯಲ್ಲೇ ಎತ್ತಿಕೊಂಡರು. ಬಲವಿಲ್ಲದ ಆ ಬೆರಳುಗಳ ನಡುವೆ ಹೊರಳಿಸಿ ನೋಡಿದರು.

"ಹುಡಿ ಅಲ್ಲ" ಎಂದರು.

ರೈಟರು ಜ್ವರ ಬಿಟ್ಟು ಬಂದ ಮೇಲೆ ಮೇಜಿನ ಮೇಲಿನ ಸಣ್ಣ ಮಿಶಿನನ್ನು ನೋಡಿದರು, ಬೇಲಿಯ ಬದಿಯಲ್ಲಿ ಏರುತ್ತಿದ್ದ ದಿಮ್ಮಿಯ ರಾಶಿಯನ್ನೂ ನೋಡಿದರು. ಹೊಸ ಚೈನು ಬರುವವರೆಗೆ ಈ ಒಂದನ್ನೇ ಸಂಜೆ ಕಾಡಿನಿಂದ ಇಳಿಸಿ, ಹರಿತ ಮಾಡಿ ಬೆಳಿಗ್ಗೆ ಏರಿಸುತ್ತಿದ್ದೆವು. "ಮಂಗಳೂರಿನವನಿಗೆ ಬರುವುದು ಬೇಡ ಅಂತ ಹೇಳಿ ಕಳಿಸ್ತೇನೆ" ಎಂದರು. ಅಷ್ಟೇ. ಆ ದಿನವೂ ಕೂರಲಿಲ್ಲ, ಆದರೆ ಕಾಫಿ ಕುಡಿದರು.

ಕಡೆಯ ಲಾರಿ ಕಾಡಿನಿಂದ ಇಳಿದ ಮರುದಿನವೇ ಮಳೆ ಹಿಡಿಯಿತು. ನಾನು ಅಡಿಗೆಮನೆಯಲ್ಲಿದ್ದೆ. ಚಾವಡಿಯ ಮಾಡಿನಲ್ಲಿ ಒಂದು ಹಂಚು ಸರಿದಿದೆ ಎಂದು ನನಗೆ ಗೊತ್ತಿತ್ತು. ಅದು ಸೋರುವುದು ಸರಿಯಾಗಿ ಮೇಜಿನ ಮೇಲಕ್ಕೇ ಎಂಬುದು ಮರೆತೇಹೋಗಿತ್ತು. ನೆನಪಾಗಿ ಬಾಣಲೆ ಹಿಡಿದುಕೊಂಡು ಓಡಿದೆ.

ಅತ್ತೆ ನನಗಿಂತ ಮೊದಲೇ ಅಲ್ಲಿದ್ದರು. ತಮ್ಮ ಓಲೆಕೊಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಸಾಣೆಕಲ್ಲಿನ ಮೇಲೆ ಹಿಡಿದು ನಿಂತಿದ್ದರು. ಮಾಡಿನ ನೀರು ಕೊಡೆಯ ಮೇಲಿಂದ ಜಾರಿ ಅವರದೇ ಭುಜಕ್ಕೆ ಬೀಳುತ್ತಿತ್ತು.

"ನೋಡುವುದೆಂತ?" ಎಂದರು. "ನೀರು ಆಗ್ಲಿಕ್ಕಿಲ್ಲ, ಎಣ್ಣೆ ಆಗ್ಲಿಕ್ಕಿಲ್ಲ. ಇಷ್ಟು ಮಡಿಯ ದೇವರನ್ನು ತಂದು ಕೂರಿಸಿದ್ದು ನೀನೇ ಅಲ್ವಾ? ಬಾ, ಆ ಬದಿ ಹಿಡಿ."

ನಾನು ಬಾಣಲೆಯನ್ನು ಕೆಳಗಿಟ್ಟು ಆ ಬದಿ ಹಿಡಿದೆ.